ಇಂಗಾಲದ ಶುಲ್ಕ ಮತ್ತು ಬಜಪೆಯ ಇಳಿಜಾರು

"ಡೀಸೆಲ್ ಹೊಗೆಗೆ ಸರ್ಕಾರ ಇಂಗಾಲದ ಶುಲ್ಕ ಹಾಕಿ ರೇಟು ಏರಿದರೆ ನೀವು ಎಂತ ಮಾಡ್ತೀರಿ?" ಸಮೀಕ್ಷೆಯ ಈ ಪ್ರಶ್ನೆಯನ್ನು ನಾನು ಕೇಳಬಾರದ ಜಾಗದಲ್ಲಿ ಕೇಳಿಬಿಟ್ಟೆ. ಕೆಂಪುಕಲ್ಲು ತುಂಬಿದ ಟೆಂಪೋ ಬಜಪೆಯಿಂದ ಮಂಗಳೂರಿಗೆ ಹೊರಟಿತ್ತು. ನಾನು ಡ್ರೈವರ್ ವಾಸಣ್ಣನ ಪಕ್ಕ ಕೂತಿದ್ದೆ. ಎದುರಿಗೆ ಇಳಿಜಾರು.

"ಈಗ ಮಾಡುವುದನ್ನೇ ಸ್ವಲ್ಪ ಜಾಸ್ತಿ ಮಾಡ್ತೇನೆ," ಎಂದವನೇ ಗಿಯರನ್ನು ನ್ಯೂಟ್ರಲಿಗೆ ತಂದು ಎಂಜಿನ್ ಬಂದ್ ಮಾಡಿದ.

ಸದ್ದು ನಿಂತಿತು, ವೇಗ ಏರಿತು. ಹಿಂದೆ ಕಲ್ಲುಗಳು ಒಂದಕ್ಕೊಂದು ತಾಗುವುದು ಕೇಳಿಸುತ್ತಿತ್ತು. ತಿರುವಿನಲ್ಲಿ ಎದುರಿಂದ ಬಸ್ಸು ಬಂತು. ವಾಸಣ್ಣ ಬ್ರೇಕಿನ ಮೇಲೆ ಎದ್ದೇ ನಿಂತ. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡೇ ಹೋಯಿತು. ನಾನು ಸಮೀಕ್ಷೆಯ ಫಾರ್ಮನ್ನು ಬಿಟ್ಟು ಸೀಟನ್ನು ಹಿಡಿದುಕೊಂಡೆ.

"ಬ್ರೇಕ್ ಉಂಟಾ ವಾಸಣ್ಣ?"

"ಉಂಟು ಮಾರಾಯ್ರೆ. ಎಂಜಿನ್ ಇಲ್ಲದಿದ್ದರೆ ಸ್ವಲ್ಪ ಗಟ್ಟಿ ಆಗ್ತದೆ, ಅಷ್ಟೇ. ಡೀಸೆಲ್ ಉಳಿಯಬೇಕಲ್ಲ?"

ಕೆಳಗೆ ಸೇತುವೆಯ ಹತ್ತಿರ ಎಂಜಿನ್ ಮತ್ತೆ ಗುಡುಗಿ ಹೊಗೆಯ ವಾಸನೆ ಬಂದಾಗಲೇ ನನಗೆ ಹೋದ ಜೀವ ಬಂದದ್ದು.

ಫಾರ್ಮಿನಲ್ಲಿ ಇದ್ದ ಉತ್ತರಗಳು ಮೂರು: ಟ್ರಿಪ್ ಕಡಿಮೆ ಮಾಡುತ್ತೇನೆ, ವಾಹನ ಬದಲಿಸುತ್ತೇನೆ, ಇತರೆ. "ಇತರೆ"ಗೆ ಗುರುತು ಹಾಕಿ, ಅಲ್ಲೇ ಇಳಿದು ಸಿಟಿ ಬಸ್ಸು ಹತ್ತಿದೆ. ಶುಲ್ಕ ಬರುವ ಮೊದಲೇ ವಾಹನ ಬದಲಿಸಿದವನು ಇಡೀ ಸಮೀಕ್ಷೆಯಲ್ಲಿ ನಾನೊಬ್ಬನೇ.