ಎರಡನೇ ಚಾವಿ

ನಮ್ಮ ಕಾರಿಗೆ ಸತ್ತವನೊಬ್ಬನ ಕಾರಿನ ಇಂಜಿನ್ ಹಾಕಿಸಿದೆವು. ಹಾಕಿಸುವಾಗ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಕಿಸುತ್ತಿದ್ದೆ.

ನಮ್ಮ ಮನೆಯವರ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಎರಡು ಸಲ ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹೋಗುವಾಗ ಬಸ್ಸು ಹೇಗೋ ನಡೆಯುತ್ತಿತ್ತು. ಬರುವಾಗ ಅವರಿಗೆ ಕೂರುವ ತ್ರಾಣ ಇರುತ್ತಿರಲಿಲ್ಲ. ಒಮ್ಮೆ ಬಸ್ಸಿನಲ್ಲೇ ಕಣ್ಣು ಮೇಲೆ ಮಾಡಿದರು. ಅದಕ್ಕೇ ಮಗಳು ಒಂದು ಹಳೆಯ ಕಾರು ತೆಗೆದುಕೊಂಡಳು. ಅವಳು ಸಾಲಿಯಲ್ಲಿ ಟೀಚರು. ಹೆಣ್ಣುಮಗಳು ಗಾಡಿ ಹೊಡೆಯುತ್ತಾಳೆಂದು ಓಣಿಯವರು ಮೊದಲು ನಕ್ಕರು. ಆಮೇಲೆ ಅವರೇ, ಸಂತೆಗೆ ಬಿಡು ಬಾ ಎಂದು ಕರೆದರು.

ಒಂದು ದಿನ ದಾರಿಯಲ್ಲೇ ಇಂಜಿನ್ ಜಾಮ್ ಆಯಿತು. ವಾಯರು ಸುಟ್ಟು, ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿಯೂ ಹೋಯಿತು. ಗ್ಯಾರೇಜಿನ ಮೇಸ್ತ್ರಿ ಗಂಗಾವತಿಯ ಗುಜರಿಯಿಂದ ಅಂಥದೇ ಕಾರಿನ ಇಂಜಿನ್, ಅದರ ಡಬ್ಬಿ ಎರಡನ್ನೂ ತಂದು ಕೂರಿಸಿದ. ಚಾವಿ ತಿರುವಿದರೆ ಗರ್ ಗರ್ ಅಂದಿತು, ಹತ್ತಲಿಲ್ಲ.

ಬ್ಯಾಟರಿ ಬದಲಿಸಿದ. ಡೀಸೆಲ್ ಪೈಪಿನ ಗಾಳಿ ತೆಗೆದ. ಅರ್ಥಿಂಗ್ ವಾಯರು ಕೆರೆದು ಬಿಗಿದ. ನಾನು ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟೆ. ಅಷ್ಟರಲ್ಲಿ ಕೊಪ್ಪಳದ ಒಂದು ಪಾಳಿ ತಪ್ಪಿಹೋಗಿತ್ತು. ನಮ್ಮ ಮನೆಯವರು ಗ್ಯಾರೇಜಿನ ಬೆಂಚಿನ ಮೇಲೆ, ಬಾತ ಕಾಲು ಇಳಿಬಿಟ್ಟು ಕೂತಿದ್ದರು.

“ಬ್ಯಾರೆಯವ್ರ ಕಿಡ್ನಿ ಹಾಕಿದ್ರ ಮೈ ಒಗ್ಗಸ್ಕೊಳ್ಳಂಗಿಲ್ಲಂತ,” ಅಂದರು. “ಇದಕ್ಕೂ ಹಂಗ ಆಗೇತಿ ನೋಡು.”

“ಸುಮ್ನ ಕೂಡ್ರಿ, ಉಸುರು ಹಿಡಿತೈತಿ,” ಅಂದೆ.

ನಾನು ಓದಿದ್ದು ಮೂರನೇ ಇಯತ್ತೆ. ಇಂಗ್ಲಿಷ್ ಅಕ್ಷರ ತಿಳಿಯುವುದಿಲ್ಲ. ಚಿತ್ರ ತಿಳಿಯುತ್ತದೆ. ಸ್ಟೇರಿಂಗಿನ ಮುಂದೆ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿತ್ತು, ಚಾವಿಯ ಆಕಾರದ್ದು.

“ಅಲ್ಲಿ ಚಾವಿ ಯಾಕ ಮಿಣಮಿಣ ಅನ್ನಾಕ ಹತ್ತೈತೋ?” ಎಂದು ಮೇಸ್ತ್ರಿಯನ್ನು ಕೇಳಿದೆ.

ಅವನು ಬಗ್ಗಿ ನೋಡಿ, ನಟ್ಟು ಬಿಗಿಯುತ್ತಿದ್ದ ಪಾನಾ ಕೆಳಗಿಟ್ಟು ಕೂತುಬಿಟ್ಟ. “ಯವ್ವಾ, ತಪ್ಪು ನಂದು. ಇಂಜಿನ್ ಜೊತಿಗೆ ಆ ಗಾಡಿ ಡಬ್ಬಿನೂ ಹಾಕೀನಿ. ಆ ಡಬ್ಬಿ ತನ್ನ ಚಾವಿ ಬಿಟ್ಟು ಬ್ಯಾರೆ ಚಾವಿ ಗುರ್ತ ಹಿಡಿಯಂಗಿಲ್ಲ.”

“ಅದರ ಚಾವಿ ಎಲ್ಲೈತಿ?”

ಗುಜರಿಯವನಿಗೆ ಫೋನು ಹಚ್ಚಿದ. ಆಗ ಗೊತ್ತಾಯಿತು. ಆ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು. ಮುಂದಿನ ಭಾಗಕ್ಕೆ ಏನೂ ಆಗಿರಲಿಲ್ಲ, ನಡೆಸುತ್ತಿದ್ದವನು ಸತ್ತಿದ್ದ. ಗಾಡಿಯಲ್ಲಿದ್ದ ಚಾವಿ ಆ ಗದ್ದಲದಲ್ಲಿ ಎಲ್ಲೋ ಕಳೆದಿತ್ತು. ಆದರೆ ಕಾರಿಗೆ ಎರಡು ಚಾವಿ ಕೊಟ್ಟಿರುತ್ತಾರೆ. ಎರಡನೆಯದು ಅವರ ಮನೆಯಲ್ಲಿರಬೇಕು, ಶ್ರೀರಾಮನಗರದಲ್ಲಿ. ಕಂಪನಿಯಿಂದ ಹೊಸ ಡಬ್ಬಿ ತರಿಸಲು ಇಪ್ಪತ್ತು ದಿನ. ಅಲ್ಲಿಯವರೆಗೆ ಬಾಡಿಗೆ ಗಾಡಿ ಮಾಡುವಷ್ಟು ದುಡ್ಡು ಇರಲಿಲ್ಲ. ಇನ್ನೊಂದು ಪಾಳಿ ತಪ್ಪಿದರೆ ಎದೆಯಲ್ಲಿ ನೀರು ತುಂಬುತ್ತದೆ ಎಂದು ಡಾಕ್ಟರು ಹೇಳಿದ್ದರು.

“ಸತ್ತವ್ರ ಮನಿಗೆ ಹೋಗಿ ಚಾವಿ ಕೇಳಾಕ ನನ್ನ ಕೈಲೆ ಆಗಂಗಿಲ್ಲವ್ವಾ,” ಅಂದ ಮೇಸ್ತ್ರಿ. ಮಗಳು ನೆಲ ನೋಡಿದಳು. ನಾನು ಮರುದಿನ ಬೆಳಗಿನ ಬಸ್ಸು ಹತ್ತಿದೆ.

ಕೇಳಿಕೊಂಡು ಮನೆ ಹುಡುಕಿದೆ. ನನ್ನ ವಾರಿಗೆಯವಳೇ ಒಬ್ಬಳು ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಸತ್ತವನ ತಾಯಿ ಅವಳೇ. “ಬರ್ರಿ, ಕೂಡ್ರಿ. ಯಾರ ಪೈಕಿ?” ಅಂದಳು.

“ಯಾರ ಪೈಕಿನೂ ಅಲ್ರಿ. ನಿಮ್ಮ ಮಗನ ಗಾಡಿ ಇಂಜಿನ್ ನಮ್ಮ ಗಾಡಿಗೆ ಹಾಕ್ಸೀವಿ. ಚಾಲೂ ಆಗವಲ್ದು. ಮನ್ಯಾಗ ಇನ್ನೊಂದು ಚಾವಿ ಇದ್ರ ಬೇಕಾಗಿತ್ರಿ.”

ಸುತ್ತುಬಳಸಿ ಮಾತಾಡಲು ನನಗೆ ಬರುವುದಿಲ್ಲ. ಅವಳ ಕೈ ಭತ್ತದ ಮೇಲೆಯೇ ನಿಂತಿತು.

“ಅದನ್ನ ಕರಗಿಸ್ತಾರ ಅಂದಿದ್ರು.”

“ಇಂಜಿನ್ ಕರಗಿಸಿಲ್ರಿ. ಮಾರ್ಯಾರ.”

“ಅಂದ್ರ ಇಂಜಿನ್ನಿಗೆ ಏನೂ ಆಗಿಲ್ಲ.”

“ಇಲ್ರಿ. ಛಲೋ ಐತಿ.”

ಆ ಮಾತು ಆಡಬಾರದಿತ್ತು. ಆಡಿದ್ದಾಯಿತು.

“ಯಾಕ ಅಷ್ಟು ಅವಸರ?” ಅಂದಳು. ನಮ್ಮ ಮನೆಯವರ ಸಂಗತಿ ಹೇಳಿದೆ. ವಯಸ್ಸು ಕೇಳಿದಳು. ಎಪ್ಪತ್ತರ ಮೇಲೆ ಅಂದೆ.

“ನನ್ನ ಮಗಗ ಮೂವತ್ನಾಕು,” ಅಂದಳು.

ನಾನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಅವಳು ಸೆರಗಿನ ತುದಿಯ ಗಂಟು ಬಿಚ್ಚಿದಳು. ಟ್ರಂಕಿನ ಚಾವಿಗಳ ಜೊತೆಗೇ ಇತ್ತು ಅದು. ಕರಿ ತಲೆಯ ಚಾವಿ, ಅದಕ್ಕೊಂದು ಹುಲಿಗೆಮ್ಮನ ಬಿಲ್ಲೆ. ಬಿಲ್ಲೆಯನ್ನು ಹಲ್ಲಿನಿಂದ ಎಳೆದು ಬಿಡಿಸಿ ಇಟ್ಟುಕೊಂಡಳು.

“ವಾಪಸ್ ತರಬ್ಯಾಡ್ರಿ. ನನಗ ನೋಡಾಕ ಆಗಂಗಿಲ್ಲ. ನಿಮ್ಮ ಯಜಮಾನ್ರ ಕೆಲಸ ಮುಗಿದ ಮ್ಯಾಲ ಕಾಲುವಿಗೆ ಒಗೀರಿ. ಆ ಇಂಜಿನ್ ಮತ್ತ ಯಾರಿಗೂ ಚಾಲೂ ಆಗಬಾರ್ದು.”

“ಒಗಿತೀನ್ರಿ.”

“ಇದನ್ನ ಮುಟ್ಟಿ ಹೇಳ್ರಿ.”

ಬಿಲ್ಲೆ ಮುಟ್ಟಿ ಹೇಳಿದೆ. ಚಾವಿ ಕೈಗೆ ಬಂದ ಮೇಲೆ ನೀರು ಸಹ ಕುಡಿಯದೆ ಬಂದೆ.

ಮೇಸ್ತ್ರಿ ಅದನ್ನು ಸ್ಟೇರಿಂಗಿನ ಕೆಳಗೆ, ನಮ್ಮ ಚಾವಿ ತಿರುವುವ ಜಾಗದ ಪಕ್ಕದಲ್ಲೇ ಟೇಪು ಸುತ್ತಿ ಕೂರಿಸಿ ಮುಚ್ಚಳ ಹಾಕಿದ. ಅದು ಅಲ್ಲಿದ್ದರೆ ಸಾಕಂತೆ, ಡಬ್ಬಿ ಗುರುತು ಹಿಡಿಯುತ್ತದಂತೆ. ಮಗಳು ನಮ್ಮ ಚಾವಿ ತಿರುವಿದಳು. ಒಂದೇ ಏಟಿಗೆ ಹತ್ತಿತು. ಮೇಸ್ತ್ರಿ ನಕ್ಕ. ನನಗೆ ನಗು ಬರಲಿಲ್ಲ, ನಮ್ಮ ಮನೆಯವರ ರಟ್ಟೆ ಹಿಡಿದು ಗಾಡಿಯಲ್ಲಿ ಕೂರಿಸಿದೆ. ಆವತ್ತಿನ ಪಾಳಿ ಸಿಕ್ಕಿತು.

ಐದು ತಿಂಗಳು ಹಾಗೆ ಓಡಾಡಿದೆವು. ಮಳೆಗಾಲದಲ್ಲಿ, ಪಾಳಿ ಇಲ್ಲದ ಒಂದು ದಿನ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರ ಕೆಲಸ ಮುಗಿಯಿತು.

ಚಾವಿ ಅಲ್ಲೇ ಇದೆ. ಮಗಳ ಸಾಲಿ ಇರುವ ಊರಿಗೆ ನೆಟ್ಟಗೆ ಬಸ್ಸಿಲ್ಲ. ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡುತ್ತಾಳೆ. ನಾನು ಒಳಗೆ ರೊಟ್ಟಿ ಬಡಿಯುತ್ತ ಆ ಸದ್ದು ಕೇಳುತ್ತೇನೆ. ಬಿಲ್ಲೆ ಮುಟ್ಟಿ ಕೊಟ್ಟ ಮಾತು ಅವಳಿಗೂ ಗೊತ್ತು, ಇಬ್ಬರೂ ಅದನ್ನು ಎತ್ತಿರಲಿಲ್ಲ.

ಮೊನ್ನೆ ಗಂಗಾವತಿಯಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಮಗಳು ಕಾಲುವೆಯ ಸೇತುವೆ ದಾಟಿ ಗಾಡಿ ಪಕ್ಕಕ್ಕೆ ಹಾಕಿದಳು. ಇಂಜಿನ್ ಬಂದ್ ಮಾಡಿದಳು. ಕಾಲುವೆ ತುಂಬಿ ಹರಿಯುತ್ತಿತ್ತು.

“ಬಿಚ್ಚಿ ಕೊಡ್ಲೇನವ್ವಾ?” ಅಂದಳು.

ನಾನು ನೀರು ನೋಡುತ್ತ ಕೂತೆ. “ಕೊಟ್ರ ಮನಿಗೆ ಹೆಂಗ ಹೋಗೂದು?”

“ಬಸ್ಸು ಅದಾವು.”

“ನಾಳಿ ಸಾಲಿಗೆ?”

ಅವಳ ಕೈ ಸ್ಟೇರಿಂಗಿನ ಕೆಳಗಿನ ಮುಚ್ಚಳದ ಮೇಲಿತ್ತು.

“ಕೈ ತಗಿ. ಚಾಲೂ ಮಾಡು,” ಅಂದೆ.

ಒಂದೇ ಏಟಿಗೆ ಹತ್ತಿತು.