ಲಿವರಿನ ಅಡುಗೆ

ಎದೆನೋವೆಂದು ಕಾರವಾರದ ಆಸ್ಪತ್ರೆ ಸೇರಿದ್ದ ಅಪ್ಪ ಅಂಕೋಲೆ ಬಳಿಯ ಭಾವಿಕೇರಿಯ ಮನೆಗೆ ಮರಳಿದ ದಿನವೇ ಆಯಿ ಮೀನುಸಾರಿಗೆ ಕಾಯಿ ಅರೆಯುವುದನ್ನು ಬಿಟ್ಟಳು. ರಕ್ತದಲ್ಲಿ ಕೊಲೆಸ್ಟ್ರಾಲ್ ವಿಪರೀತ ಎಂದು ಡಾಕ್ಟರು ಹೇಳಿದ್ದರು. "ಇಷ್ಟ್ ವರ್ಷ ಕಾಯಿ ಅರ್ದು ಅರ್ದು ಹಾಕ್ದವ್ಳು ನಾನೇ ಅಲ್ವಾ" ಎಂದು ಒಲೆಯ ಮುಂದೆ ಕೂತು ಅಳುವಳು. ಅಪ್ಪ ಆ ನೀರುನೀರು ಸಾರನ್ನು ಮೂಸಿ ನೋಡಿ ತಟ್ಟೆ ಸರಿಸುವನು.

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಹೆತ್ತ ಆಯಿಯ ಅಳು ನೋಡಲಾಗುತ್ತಿರಲಿಲ್ಲ. ತಪ್ಪು ಅವಳದಲ್ಲ ಎಂದು ಹೇಗಾದರೂ ತೋರಿಸಲೇಬೇಕಿತ್ತು. ಪುಸ್ತಕ ತಡಕಾಡಿದೆ. ಕೊಲೆಸ್ಟ್ರಾಲನ್ನು ಬಹುಪಾಲು ನಮ್ಮ ಮೈಯೇ ಮಾಡಿಕೊಳ್ಳುತ್ತದಂತೆ. ಲಿವರಿನಲ್ಲಿ ಅದಕ್ಕೆಂದೇ ಒಂದು ಕಿಣ್ವವಿದೆ, ಅಪ್ಪನ ಗುಳಿಗೆ ಆ ಕಿಣ್ವದ ಕೈ ಕಟ್ಟುತ್ತದೆ. ಸಿಕ್ಕಿತು ಎಂದು ಬಂದು ಆಯಿಗೆ ಹೇಳಿದೆ.

"ಲಿವರ್ ಎಂತಕೆ ಮಾಡೂದು ಅದ್ನ?"

"ಜೀವಕೋಶದ ಪೊರೆಗೆ ಬೇಕು ಆಯಿ. ಅದಿಲ್ದೇ ಬದುಕೂಕೇ ಆಗೂದಿಲ್ಲ."

"ಅಷ್ಟ್ ಬೇಕಾದ್ದೇ ಆದ್ರೆ ಡಾಕ್ಟ್ರು ಎಂತಕೆ ನಿಲ್ಸೂದು ಮಾರಾಯ್ತಿ?"

ಕಾಲೇಜಿನ ಮೇಷ್ಟ್ರನ್ನು ಕೇಳಿದರೆ, ಬೇಕು, ಆದರೆ ಮಿತಿ ಮೀರಿದರೆ ರಕ್ತನಾಳ ಕಟ್ಟುತ್ತದೆ, ಹಾಗೆ ಮೀರುವುದರಲ್ಲಿ ಊಟದ ಕೊಬ್ಬಿನ ಪಾಲೂ ಇದೆ ಅಂದರು. ಎಷ್ಟು ಪಾಲು ಎಂದದ್ದಕ್ಕೆ, ಪರೀಕ್ಷೆಗೆ ಇಷ್ಟು ಸಾಕು ಅಂದರು. ಮೈಯೆಲ್ಲ ಉರಿಯಿತು. ಪರೀಕ್ಷೆ ಯಾರಿಗೆ ಬೇಕಿತ್ತು? ಅದೇ ಸಾರು ಉಂಡ ಆಯಿ ಗಟ್ಟಿಮುಟ್ಟಾಗಿದ್ದಳಲ್ಲ, ಅದು ಹೇಗೆ?

ಆಯಿಯನ್ನೂ ಕರೆದುಕೊಂಡು ಹೋಗಿ ಅದನ್ನೇ ಡಾಕ್ಟರಿಗೆ ಕೇಳಿದೆ. ಅವರು ನನ್ನನ್ನೊಮ್ಮೆ ನೋಡಿ, ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಆಯಿಯದು ಸರಿಯಾಗಿತ್ತು. ನನ್ನದು ಹೆಚ್ಚುಕಡಿಮೆ ಅಪ್ಪನಷ್ಟೇ ಇತ್ತು. ಕಾಯಿಯಿಂದ ಬಂದದ್ದಲ್ಲ ಇದು, ಅಪ್ಪನಿಂದ ಮಗಳಿಗೆ ಹುಟ್ಟಿನಲ್ಲೇ ಬಂದದ್ದು, ಇಂಥವರ ಲಿವರು ರಕ್ತದಲ್ಲಿನ ಕೊಲೆಸ್ಟ್ರಾಲನ್ನು ಸರಿಯಾಗಿ ವಾಪಸು ಎಳೆದುಕೊಳ್ಳುವುದಿಲ್ಲ ಎಂದರು. ಪಥ್ಯ, ಗುಳಿಗೆ ಎರಡೂ ನನಗೂ ಬೇಕಾಗಬಹುದು ಎಂದರು.

ಗೆದ್ದೆನೋ ಸೋತೆನೋ ಗೊತ್ತಾಗಲಿಲ್ಲ. ಹೆದರಬೇಕಿತ್ತು, ಆದರೆ ನನಗೆ ಖುಷಿಯೇ ಆಗಿತ್ತು, ಎಂಥ ಹುಚ್ಚೋ. ಬಸ್ಸಿನಲ್ಲಿ ಆಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು. ಅಂಕೋಲೆಯಲ್ಲಿ ಇಳಿದ ಮೇಲೆ ನಾನೇ, "ಕೇಳ್ದ್ಯಲ್ಲ, ನಿನ್ ತಪ್ಪಲ್ಲ. ಇನ್ನಾದ್ರೂ ಅಳೂದು ಬಿಡು" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನನ್ ತಪ್ಪೇ ಆಗಿದ್ರೆ ಚಲೋ ಇತ್ತು" ಅಂದಳು. "ನಾನು ಕಾಯಿ ಹಾಕೂದು ಬಿಟ್ರೆ ನೀನಾದ್ರೂ ಉಳೀತಿದ್ದೆ."