ಬೇಗ ಸವೆಯುವ ಟೈರು

ನನ್ನ ಹಳೆಯ ಕಾರನ್ನು ಮಾರಿಬಿಡಬೇಕೆಂದು ನನ್ನ ಗಂಡ ತೀರ್ಮಾನಿಸಿದ್ದರು. ತಾವೊಂದು ಎತ್ತರದ ಹೊಸ ಕಾರು ಕೊಂಡಿದ್ದರಲ್ಲ, ವಿದ್ಯಾನಗರದ ನಮ್ಮ ಗೇಟಿನೊಳಗೆ ಎರಡಕ್ಕೂ ಜಾಗವಿರಲಿಲ್ಲ. ಅವರ ಆಫೀಸಿನ ಗೆಳೆಯರೊಬ್ಬರು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್ ಬೀದಿಯಲ್ಲಿ ಅಪ್ಪ ಪಕ್ಕದಲ್ಲಿ ಕೂತು, ಹ್ಯಾಂಡ್‌ಬ್ರೇಕ್ ಮೇಲೆ ಕೈಯಿಟ್ಟುಕೊಂಡೇ ಡ್ರೈವಿಂಗ್ ಕಲಿಸಿದ ಕಾರು ಅದು.

ಆಗ ಸೋಗಾನೆ ಕಡೆಯ ಹೊಸ ಬಡಾವಣೆಯೊಂದರಲ್ಲಿ ಕಾರಿನ ಹುಚ್ಚಿನವರು ಸೇರಿ ಭಾನುವಾರಗಳಂದು ಟ್ರ್ಯಾಕ್ ಡೇ ನಡೆಸುತ್ತಿದ್ದರು. ಅಲ್ಲಿ ಟಾರು ರಸ್ತೆಯಿತ್ತು, ಚರಂಡಿಯಿತ್ತು, ಮನೆ ಮಾತ್ರ ಒಂದೂ ಇರಲಿಲ್ಲ. ಒಬ್ಬೊಬ್ಬರಾಗಿ ಒಂದು ಸುತ್ತು ಓಡಿಸಬೇಕು, ಎಷ್ಟು ಹೊತ್ತು ಹಿಡಿಯಿತೆಂದು ಅವರು ಹೇಳುತ್ತಾರೆ.

"ನಿಮ್ಮ ಕಾರಿಗಿಂತ ನಂದು ಬೇಗ ಬಂದ್ರೆ ಮಾರಬಾರ್ದು" ಎಂದೆ.

ಗಂಡ ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಆಯ್ತು ಮಾರಾಯ್ತಿ. ಸೋತ್ರೆ ಸೋಮವಾರಾನೇ ಅವ್ನಿಗೆ ಕೀ ಕೊಡ್ತೀನಿ."

ಮರುದಿನವೇ ಭದ್ರಾವತಿಗೆ, ಅಪ್ಪ ಹೋಗುತ್ತಿದ್ದ ಟೈರಿನ ಅಂಗಡಿಗೆ ಹೋದೆ. ಅಂಗಡಿಯವರು ಗಟ್ಟಿಮುಟ್ಟಾದ ಟೈರೊಂದನ್ನು ಉರುಳಿಸಿಕೊಂಡು ಬಂದರು. "ಇದು ಹಾಕ್ಸಿ ಅಕ್ಕಾ, ಸವೆಯೋ ಮಾತೇ ಇಲ್ಲ."

"ನಂಗೆ ಬೇಗ ಸವೆಯೋದೇ ಬೇಕು" ಎಂದೆ. "ಮೆತ್ತನೆ ರಬ್ಬರ್ ಇರ್ಬೇಕು, ರಸ್ತೆ ಕಚ್ಚಿ ಹಿಡೀಬೇಕು."

ಅವರು ಕಾರನ್ನೂ ನನ್ನನ್ನೂ ನೋಡಿ ದನಿ ತಗ್ಗಿಸಿದರು. "ಗಾಡಿ ಮಾರ್ತಾ ಇದೀರಾ ಅಕ್ಕಾ? ತಗೊಳ್ಳೋರ ಮೇಲೆ ಸಿಟ್ಟಾ?"

ಮೆತ್ತನೆಯ ಟೈರು ಹಾಕಿಸಿದ್ದಾಯಿತು. ಆದರೂ ತಿರುವಿನಲ್ಲಿ ಕಾರು ತೂರಾಡುತ್ತಿತ್ತು. ನಮ್ಮ ಕಡೆ ಐದು ಜನರ ಕಾರಿನಲ್ಲಿ ಎಂಟು ಜನ ಕೂತು ಡಿಕ್ಕಿಯಲ್ಲಿ ಅಕ್ಕಿಮೂಟೆಯನ್ನೂ ಹಾಕಿಕೊಳ್ಳುತ್ತಾರಷ್ಟೆ. ಅಷ್ಟು ಭಾರಕ್ಕೆ ತಳ ನೆಲಕ್ಕೆ ತಾಗದಿರಲೆಂದು ಅಪ್ಪ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುಂಡುಗಳನ್ನು ಸಿಕ್ಕಿಸಿ ಕಾರನ್ನು ಎತ್ತರಿಸಿದ್ದರು. ಅವನ್ನು ತೆಗೆಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಕಾರು ನೆಲಕ್ಕೆ ಹತ್ತಿರವಾಗಿ ಕೂತಿತು.

"ಇದೇನೇ, ಕಾರಿಗೆ ಸೊಂಟ ಬಿದ್ದಂಗಿದೆ" ಎಂದರು ಅತ್ತೆ. ಭಾನುವಾರ ಬೆಳಿಗ್ಗೆ ನನ್ನ ನಾಲ್ಕೂ ಟೈರಿನಡಿ ನಿಂಬೆಹಣ್ಣಿಟ್ಟರು. ಪಕ್ಷಪಾತವಾಗಬಾರದೆಂದು ಮಗನ ಕಾರಿಗೂ ಇಟ್ಟು, ನೋಡಲು ನಮ್ಮ ಜೊತೆಗೇ ಹೊರಟರು.

ಮೊದಲು ನನ್ನ ಸರದಿ. ಹೆಲ್ಮೆಟ್ಟಿನೊಳಗೆ ತುರುಬು ಒತ್ತುತ್ತಿತ್ತು. ಮೊದಲ ತಿರುವಿಗೆ ಕಣ್ಣು ಮುಚ್ಚಬೇಕೆನಿಸಿತು. ಟೈರು ಕಿರ್ರೆಂದಿತು, ಆದರೆ ರಸ್ತೆಯನ್ನು ಬಿಡಲಿಲ್ಲ. ಎರಡನೆಯ ತಿರುವಿಗೆ ಭಯ ಹೋಯಿತು, ಮೂರನೆಯದಕ್ಕೆ ನಾನು ಒಬ್ಬಳೇ ಜೋರಾಗಿ ನಗುತ್ತಿದ್ದೆ. ಅಷ್ಟು ಖುಷಿ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಆಮೇಲೆ ಗಂಡ ಹೊರಟರು. ನೇರ ರಸ್ತೆಯಲ್ಲಿ ಅವರ ಕಾರು ಹೋದ ವೇಗ ನೋಡಿ ಸೋತೆನೆಂದುಕೊಂಡೆ. ನನ್ನ ಕಾರು ಕೈತಪ್ಪಿಹೋದಂತೆಯೇ. ಆದರೆ ಹೊಸ ಸೀಟು ಕೊಳೆಯಾಗುತ್ತದೆಂದು ಅವರು ಷೋರೂಮಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಬಲ ತಿರುವಿನಲ್ಲಿ ಅವರ ತಲೆ ಕಿಟಕಿಯಿಂದ ಮಾಯವಾಯಿತು. ಪ್ಲಾಸ್ಟಿಕ್ಕಿನ ಮೇಲೆ ಜಾರಿ ಬೆಲ್ಟಿನಲ್ಲಿ ವಾಲಿಕೊಂಡಿದ್ದರು. ಕಾರು ನಿಂತಿತು, ತಲೆ ಮತ್ತೆ ಕಾಣಿಸಿತು, ಕಾರು ಹೊರಟಿತು. ಮುಂದಿನ ತಿರುವಿನಲ್ಲೂ ಅದೇ ಕಥೆ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಯಾರ ಸಮಯ ಎಷ್ಟೆಂದು ಕೇಳಬೇಕಾಗಿಯೇ ಇರಲಿಲ್ಲ. ಗಂಡ ಇಳಿದು ಅಂಗಿ ಸರಿಮಾಡಿಕೊಂಡರು. ನನ್ನ ಮುಖ ನೋಡದೆ ಆ ಕಡೆ ಹೋಗಿ, ನನ್ನ ಕಾರು ಕೊಳ್ಳಬೇಕೆಂದಿದ್ದ ಗೆಳೆಯರಿಗೆ ಫೋನ್ ಮಾಡಿದರು. ನಾನು ಹತ್ತಿರ ಸರಿದು ಕಿವಿಗೊಟ್ಟೆ.

"ಆ ಕಾರು ನಿಂಗೆ ಬೇಡ ಮಾರಾಯ" ಎನ್ನುತ್ತಿದ್ದರು. "ಟೈರೇ ಸರಿ ಇಲ್ಲ, ಬೇಗ ಸವೆದುಹೋಗ್ತಾವೆ."